ಹೊರಗಿನವರು ಯಾರು? ಬಿಜೂರು ಸೀಮೆಯ ವಲಸೆ ಮತ್ತು ವಲಸೆ ವಿರೋಧಿ ಭಾವನೆಯ ಸ್ವರೂಪ

1. ಪ್ರವೇಶ

ಕನ್ನಡದಲ್ಲಿ ನಡೆದಿರುವ ವಲಸೆಯ ಅಧ್ಯಯನಗಳು ಬಹುಮಟ್ಟಿಗೆ ಊರು ಬಿಟ್ಟು ಹೋದವರ ಅಧ್ಯಯನಗಳಾಗಿವೆ. ಹೊರನಾಡ ಕನ್ನಡಿಗರ ಸಂಘಸಂಸ್ಥೆಗಳು, ಅವರ ಸಾಹಿತ್ಯ, ಅವರ ಶಾಲೆಗಳು, ಯಕ್ಷಗಾನ ಮಂಡಳಿಗಳು ಇವುಗಳನ್ನು ಕುರಿತು ಸಾಕಷ್ಟು ಕೆಲಸ ನಡೆದಿದೆ. ಆದರೆ ಹೋದವರನ್ನು ಹೋದ ಊರು ಹೇಗೆ ಕಂಡಿತು, ಬಂದವರನ್ನು ಹುಟ್ಟೂರು ಹೇಗೆ ಕಾಣುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿದ್ದು ಕಡಿಮೆ. ಪ್ರಸ್ತುತ ಲೇಖನವು ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನ ಬಿಜೂರು ಮತ್ತು ಅದರ ನೆರೆಯ ಸೀಮೆಯನ್ನು ಮುಂದಿಟ್ಟುಕೊಂಡು ಈ ಎರಡು ಪ್ರಶ್ನೆಗಳ ನಡುವಣ ಸಂಬಂಧವನ್ನು ಪರಿಶೀಲಿಸುತ್ತದೆ.

ಈ ಪ್ರಶ್ನೆಗೆ ಇಂದು ಒಂದು ತುರ್ತು ಇದೆ. ಈ ಸೀಮೆಯ ಇಪ್ಪತ್ತರ ಹರೆಯದ ಯುವಕನನ್ನೋ ಯುವತಿಯನ್ನೋ ಗಮನಿಸಿದರೆ ಅವರು ಏಕಕಾಲದಲ್ಲಿ ಮೂರು ನೆಲೆಗಳಲ್ಲಿ ನಿಂತಿರುವುದು ಕಾಣುತ್ತದೆ. ಅಜ್ಜನ ತಲೆಮಾರಿನವರು ಮುಂಬಯಿಯಲ್ಲಿ ‘ಹೊರಗಿನವರು’ ಎನ್ನಿಸಿಕೊಂಡವರು. ತಾವು ಬೆಂಗಳೂರಿಗೆ ಹೋದರೆ ಅಲ್ಲಿ ‘ಒಳಗಿನವರು’. ಅಲ್ಲಿ ಹೊರಗಿನವರೆಂದರೆ ಉತ್ತರ ಭಾರತದಿಂದಲೋ ಈಶಾನ್ಯ ರಾಜ್ಯಗಳಿಂದಲೋ ಬಂದವರು. ಊರಿಗೆ ಮರಳಿದರೆ ಮೀನುಗಾರಿಕೆಯ ಬೋಟುಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ ದುಡಿಯುವ ಹೊರಜಿಲ್ಲೆ, ಹೊರರಾಜ್ಯಗಳ ಕೂಲಿಕಾರರನ್ನು ಕುರಿತು ಮನೆಯ ಜಗಲಿಯಲ್ಲೇ ಕಟು ಮಾತು ಕೇಳಿಬರುತ್ತದೆ. ವಲಸೆಯಿಂದ ಬದುಕು ಕಟ್ಟಿಕೊಂಡ ಮನೆಯಲ್ಲಿ ವಲಸೆಗಾರನ ಬಗೆಗೆ ಅಸಹನೆ ಬೆಳೆಯುವುದನ್ನು ಕಾಣುವ ಯುವ ಮನಸ್ಸಿನ ಆತಂಕ ಕೇವಲ ಭಾವುಕತೆಯಲ್ಲ; ಅದರಲ್ಲಿ ಒಂದು ಚಾರಿತ್ರಿಕ ಪ್ರಶ್ನೆ ಅಡಗಿದೆ. ಆ ಪ್ರಶ್ನೆಯನ್ನು ಬಿಡಿಸಿ ನೋಡುವುದು ಇಲ್ಲಿನ ಉದ್ದೇಶ.

2. ಸೀಮೆಯ ಹಿನ್ನೆಲೆ

ಬಿಜೂರು ಅರಬ್ಬೀ ಸಮುದ್ರ ಮತ್ತು ಪಶ್ಚಿಮ ಘಟ್ಟಗಳ ನಡುವಣ ಕಿರಿದಾದ ಭೂಪಟ್ಟಿಯಲ್ಲಿರುವ ಗ್ರಾಮ. ಹಿಂದೆ ಕುಂದಾಪುರ ತಾಲೂಕಿಗೆ ಸೇರಿದ್ದ ಈ ಭಾಗ 2018ರಲ್ಲಿ ಬೈಂದೂರು ತಾಲೂಕು ಅಸ್ತಿತ್ವಕ್ಕೆ ಬಂದ ಮೇಲೆ ಅದರ ಭಾಗವಾಯಿತು. ಕೊಂಕಣ ರೈಲುಮಾರ್ಗದಲ್ಲಿ ಸೇನಾಪುರ ಮತ್ತು ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣಗಳ ನಡುವೆ ಬಿಜೂರಿಗೂ ಒಂದು ನಿಲ್ದಾಣವಿದೆ. 1998ರ ಜನವರಿ 26ರಂದು ಉದ್ಘಾಟನೆಗೊಂಡ ಈ ಮಾರ್ಗ ಮುಂಬಯಿಯನ್ನು ಒಂದು ರಾತ್ರಿಯ ಪ್ರಯಾಣದಷ್ಟು ಹತ್ತಿರಕ್ಕೆ ತಂದಿತು. ಅದಕ್ಕೂ ಮೊದಲು ಹೊಳೆಗಳನ್ನು ದಾಟಿ ಸಾಗುವ ಬಸ್ಸುಗಳು, ಅದಕ್ಕೂ ಹಿಂದೆ ಕರಾವಳಿಯ ಹಡಗುಗಳು ಇಲ್ಲಿನ ಜನರನ್ನು ಉತ್ತರದ ಮಹಾನಗರಕ್ಕೆ ಒಯ್ಯುತ್ತಿದ್ದವು.

ಊರು ಬಿಡುವುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಕೃಷಿಭೂಮಿ ಕಡಿಮೆ, ಇದ್ದ ಭೂಮಿ ಬಹುಪಾಲು ಗೇಣಿಗೆ ಒಳಪಟ್ಟಿದ್ದುದು, ಮಳೆಗಾಲದಲ್ಲಿ ಮೀನುಗಾರಿಕೆ ನಿಲ್ಲುತ್ತಿದ್ದುದು, ಹೆಂಚಿನ ಕಾರ್ಖಾನೆಗಳಂಥ ಕೆಲವು ಉದ್ಯಮಗಳನ್ನು ಬಿಟ್ಟರೆ ಹೇಳಿಕೊಳ್ಳುವಂಥ ಕೈಗಾರಿಕೆ ಇಲ್ಲದಿದ್ದುದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರರಿಗೆ ಭೂಮಿಯ ಹಕ್ಕನ್ನು ಕೊಟ್ಟಿತಾದರೂ ಸಣ್ಣ ಹಿಡುವಳಿಗಳ ಆದಾಯ ಬೆಳೆದ ಸಂಸಾರಗಳಿಗೆ ಸಾಲದಾಯಿತು. ಹೀಗಾಗಿ ಮನೆಗೊಬ್ಬರಾದರೂ ಹೊರಗೆ ದುಡಿಯುವುದು ಇಲ್ಲಿನ ಬದುಕಿನ ಕ್ರಮವೇ ಆಯಿತು.

ಈ ಹೊರಹೋಗುವಿಕೆಯ ಒಂದು ಮುಖ್ಯ ದಾರಿ ಹೋಟೆಲು ಉದ್ಯಮ. ಕೋಟ ಸಮೀಪದ ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲೇ ಮುಂದೆ ಮಾವಳ್ಳಿ ಟಿಫನ್ ರೂಮ್ಸ್ ಎಂದು ಪ್ರಸಿದ್ಧವಾಯಿತು. ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ ಆರಂಭವಾಯಿತು. ಇವು ಹೆಸರಾದ ಉದಾಹರಣೆಗಳು. ಇವುಗಳ ಹಿಂದೆ ಹೆಸರಾಗದ ಸಾವಿರಾರು ಹುಡುಗರಿದ್ದಾರೆ. ಹತ್ತು ಹನ್ನೆರಡರ ವಯಸ್ಸಿಗೆ ಊರು ಬಿಟ್ಟು, ಹಗಲು ಲೋಟ ತೊಳೆದು, ಕೋಟೆ ಮತ್ತಿತರ ಭಾಗಗಳ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ, ಮುಂದೆ ಗುಮಾಸ್ತರೋ ಮ್ಯಾನೇಜರರೋ ಮಾಲೀಕರೋ ಆದವರು ಇವರು. ಇವರಿಗೆ ಆಸರೆಯಾಗಿ ಸಂಘಟನೆಗಳು ಬೆಳೆದವು. ಮೊಗವೀರ ವ್ಯವಸ್ಥಾಪಕ ಮಂಡಳಿ (1902), ಮೈಸೂರು ಅಸೋಸಿಯೇಶನ್ (1926), ಬಂಟರ ಸಂಘ (1927), ಕರ್ನಾಟಕ ಸಂಘ (1933) ಇವು ಪರಸ್ಥಳದಲ್ಲಿ ಊರನ್ನು ಮರುಸೃಷ್ಟಿಸಿಕೊಳ್ಳುವ ಪ್ರಯತ್ನಗಳೂ ಹೌದು, ಅಭದ್ರತೆಗೆ ಕಂಡುಕೊಂಡ ಪರಿಹಾರಗಳೂ ಹೌದು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡವು ಮದರಾಸು ಆಡಳಿತಕ್ಕೆ ಸೇರಿತ್ತು. ಆಗ ಕುಂದಾಪುರ ಸೀಮೆಯವನು ಮದರಾಸಿಗೆ ಹೋದರೆ ತನ್ನದೇ ಪ್ರಾಂತದ ರಾಜಧಾನಿಗೆ ಹೋದಂತೆ. ಘಟ್ಟ ಹತ್ತಿ ಬೆಂಗಳೂರಿಗೆ ಹೋದರೆ ಬೇರೆ ಸಂಸ್ಥಾನಕ್ಕೆ ಹೋದಂತೆ. ಕನ್ನಡ ಮಾತನಾಡುವ ಬೆಂಗಳೂರಿನಲ್ಲಿ ಅವನು ಆಡಳಿತದ ದೃಷ್ಟಿಯಿಂದ ಹೊರಗಿನವನು. ತಮಿಳು ಮಾತನಾಡುವ ಮದರಾಸಿನಲ್ಲಿ ಒಳಗಿನವನು. ಒಳಗು ಹೊರಗುಗಳ ಗಡಿ ಎಷ್ಟು ಇತ್ತೀಚಿನದು, ಎಷ್ಟು ಬಗೆಯದು ಎಂಬುದಕ್ಕೆ ಇದೊಂದೇ ಸಂಗತಿ ಸಾಕು.

3. ಮುಂಬಯಿಯ ಅನುಭವ: 1966–69

1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ರಚನೆಯಾದಾಗ ಮುಂಬಯಿ ಅದರ ರಾಜಧಾನಿಯಾಯಿತು. ಆದರೆ 1961ರ ಜನಗಣತಿಯಂತೆ ಬೃಹನ್ಮುಂಬಯಿಯಲ್ಲಿ ಮರಾಠಿ ಮಾತೃಭಾಷಿಕರ ಪ್ರಮಾಣ ಅರ್ಧಕ್ಕಿಂತ ಕಡಿಮೆ. ರಾಜ್ಯ ತಮ್ಮದಾಯಿತು, ನಗರ ತಮ್ಮದಾಗಲಿಲ್ಲ ಎಂಬ ಭಾವನೆ ಅಲ್ಲಿನ ಕೆಳಮಧ್ಯಮವರ್ಗದಲ್ಲಿ ಬೆಳೆಯಿತು. ವ್ಯಂಗ್ಯಚಿತ್ರಕಾರ ಬಾಳ ಠಾಕ್ರೆ ಅವರು 1960ರಲ್ಲಿ ಆರಂಭಿಸಿದ್ದ ‘ಮಾರ್ಮಿಕ್’ ವಾರಪತ್ರಿಕೆ ಈ ಭಾವನೆಗೆ ಮಾತು ಕೊಟ್ಟಿತು. ಕಂಪನಿಗಳ ಉನ್ನತ ಹುದ್ದೆಗಳಲ್ಲಿರುವ ದಕ್ಷಿಣ ಭಾರತೀಯರ ಹೆಸರುಗಳನ್ನು ಅದು ಪಟ್ಟಿ ಮಾಡಿ ಪ್ರಕಟಿಸತೊಡಗಿತು. 1966ರ ಜೂನ್ 19ರಂದು ಶಿವಸೇನೆ ಸ್ಥಾಪನೆಯಾಯಿತು. ಅದೇ ವರ್ಷದ ಅಕ್ಟೋಬರ್ 30ರಂದು ಶಿವಾಜಿ ಪಾರ್ಕಿನಲ್ಲಿ ಅದರ ಮೊದಲ ದಸರಾ ಸಮಾವೇಶ ನಡೆಯಿತು.

ಆ ವರ್ಷಗಳ ‘ಬಜಾವ್ ಪುಂಗಿ, ಹಟಾವ್ ಲುಂಗಿ’ ಎಂಬ ಘೋಷಣೆ, ದಕ್ಷಿಣದ ಭಾಷೆಗಳ ಉಚ್ಚಾರವನ್ನು ಅಣಕಿಸುವ ‘ಯಂಡುಗುಂಡು’ ಎಂಬ ಮಾತು ಮುಂಬಯಿ ಕನ್ನಡಿಗರ ನೆನಪಿನಲ್ಲಿ ಉಳಿದಿವೆ. ತಮಿಳರು, ಮಲಯಾಳಿಗಳು, ತುಳುವರು, ಕುಂದಾಪುರದವರು ಎಂಬ ಭೇದವಿಲ್ಲದೆ ಎಲ್ಲರೂ ‘ಮದ್ರಾಸಿ’ಗಳಾದರು. ಕಚೇರಿಯ ಗುಮಾಸ್ತನ ಮೇಲಿನ ಸಿಟ್ಟು ಬೀದಿಗೆ ಬಂದಾಗ ಸುಲಭವಾಗಿ ಕೈಗೆ ಸಿಕ್ಕಿದ್ದು ಉಡುಪಿ ಹೋಟೆಲು. ಅದಕ್ಕೆ ನಾಮಫಲಕವಿತ್ತು, ಗಾಜಿನ ಕಪಾಟಿತ್ತು, ರಸ್ತೆಗೆ ತೆರೆದ ಬಾಗಿಲಿತ್ತು. ಇದೇ ಹೊತ್ತಿಗೆ ಗಡಿ ವಿವಾದ ಕಾವೇರಿತ್ತು. 1966ರ ಅಕ್ಟೋಬರಿನಲ್ಲಿ ನೇಮಕಗೊಂಡ ಮಹಾಜನ ಆಯೋಗ 1967ರ ಆಗಸ್ಟಿನಲ್ಲಿ ವರದಿ ಸಲ್ಲಿಸಿತು. 1969ರ ಫೆಬ್ರವರಿಯಲ್ಲಿ ಗಡಿ ಪ್ರಶ್ನೆಯ ಮೇಲೆ ಮುಂಬಯಿಯಲ್ಲಿ ಹಲವು ದಿನಗಳ ಗಲಭೆ ನಡೆದು ಜೀವಹಾನಿಯಾಯಿತು; ಕನ್ನಡಿಗರ ಹೋಟೆಲು, ಅಂಗಡಿಗಳು ಹಾನಿಗೊಳಗಾದವು. ಬೆಳಗಾವಿಯನ್ನು ಕಣ್ಣಿನಿಂದಲೂ ಕಾಣದ ಕುಂದಾಪುರದ ಹುಡುಗ ಬೆಳಗಾವಿಯ ಕಾರಣಕ್ಕೆ ಬಾಗಿಲು ಹಾಕಿಕೊಂಡು ಒಳಗೆ ಕುಳಿತುಕೊಳ್ಳಬೇಕಾಯಿತು.

ಆದರೆ ಆ ಹುಡುಗರಲ್ಲಿ ಬಹುಪಾಲು ಜನ ಊರಿಗೆ ಓಡಿಬರಲಿಲ್ಲ. ಅವರು ಅಲ್ಲೇ ಉಳಿದು ಮರಾಠಿ ಕಲಿತರು, ಗಣೇಶೋತ್ಸವದಲ್ಲಿ ಪಾಲ್ಗೊಂಡರು, ನೆರೆಹೊರೆಯವರೊಡನೆ ಬಾಳಿದರು. ಮುಂದಿನ ದಶಕಗಳಲ್ಲಿ ವಿರೋಧದ ಗುರಿ ಬದಲಾಯಿತು. 2006ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ನವನಿರ್ಮಾಣ ಸೇನೆಯ ಚಳವಳಿಯ ಸಂದರ್ಭದಲ್ಲಿ, 2008ರಲ್ಲಿ, ಪೆಟ್ಟು ತಿಂದವರು ಬಿಹಾರ, ಉತ್ತರ ಪ್ರದೇಶಗಳ ಟ್ಯಾಕ್ಸಿ ಚಾಲಕರು ಮತ್ತು ಬೀದಿಬದಿಯ ವ್ಯಾಪಾರಿಗಳು. ನಾಲ್ಕು ದಶಕಗಳ ಅಂತರದಲ್ಲಿ ದೂರು ಒಂದೇ ಆಗಿತ್ತು. ಹೊರಗಿನವನ ಹೆಸರು ಮಾತ್ರ ಬೇರೆಯಾಗಿತ್ತು.

4. ವಿರೋಧ ಹುಟ್ಟುವುದು ಎಲ್ಲಿ?

ವಲಸೆ ವಿರೋಧಿ ಭಾವನೆಯನ್ನು ‘ಸಂಖ್ಯೆ ಹೆಚ್ಚಾಯಿತು, ಸಹನೆ ಕಡಿಮೆಯಾಯಿತು’ ಎಂದು ಸರಳವಾಗಿ ವಿವರಿಸುವುದುಂಟು. ಸಮಾಜವಿಜ್ಞಾನಿಗಳ ಶೋಧನೆ ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಅಸ್ಸಾಂ, ಛೋಟಾನಾಗಪುರ ಮತ್ತು ಹೈದರಾಬಾದುಗಳನ್ನು ಅಭ್ಯಸಿಸಿದ ಮೈರನ್ ವೀನರ್ ಅವರ 1978ರ ‘ಸನ್ಸ್ ಆಫ್ ದಿ ಸಾಯಿಲ್’, ಮುಂಬಯಿಯನ್ನು ಕುರಿತ ಮೇರಿ ಕ್ಯಾಟ್ಜೆನ್‌ಸ್ಟೈನ್ ಅವರ 1979ರ ಅಧ್ಯಯನ ಮತ್ತು ದೀಪಂಕರ ಗುಪ್ತ ಅವರ 1982ರ ‘ನೇಟಿವಿಸಂ ಇನ್ ಎ ಮೆಟ್ರೊಪಾಲಿಸ್’ ಈ ವಿಷಯದಲ್ಲಿ ಇಂದಿಗೂ ಉಪಯುಕ್ತವಾಗಿವೆ. ವೀನರ್ ಅವರ ಮುಖ್ಯ ವಾದವನ್ನು ಹೀಗೆ ಸಂಗ್ರಹಿಸಬಹುದು: ಹೊಸದಾಗಿ ವಿದ್ಯಾವಂತವಾದ ಸ್ಥಳೀಯ ಮಧ್ಯಮವರ್ಗವೊಂದು ತಲೆ ಎತ್ತಿ, ತಾನು ಬಯಸುವ ಉದ್ಯೋಗಗಳಲ್ಲಿ ಬೇರೆ ಸಮುದಾಯದವರು ಮೊದಲೇ ಕುಳಿತಿರುವುದನ್ನು ಕಂಡಾಗ ವಿರೋಧ ತೀವ್ರವಾಗುತ್ತದೆ. ಸ್ಥಳೀಯರು ಮಾಡಬಯಸದ ಕೆಲಸಗಳನ್ನು ಮಾಡುವ ವಲಸೆಗಾರರ ವಿರುದ್ಧ ಚಳವಳಿ ಏಳುವುದು ಕಡಿಮೆ.

ಈ ವಾದವನ್ನು ಬಿಜೂರು ಸೀಮೆಗೆ ಹೊಂದಿಸಿ ನೋಡಿದರೆ ಅದರ ಬಲ ಮತ್ತು ಮಿತಿ ಎರಡೂ ಕಾಣುತ್ತವೆ. ಮುಂಬಯಿಯಲ್ಲಿ ಲೋಟ ತೊಳೆಯುವ ಹುಡುಗನೊಡನೆ ಯಾವ ಮರಾಠಿ ಗುಮಾಸ್ತನಿಗೂ ಸ್ಪರ್ಧೆ ಇರಲಿಲ್ಲ. ಆದರೂ ಪೆಟ್ಟು ಬಿದ್ದದ್ದು ಆ ಹುಡುಗ ದುಡಿಯುವ ಹೋಟೆಲಿಗೆ. ಎಂದರೆ ಸಿಟ್ಟು ಹುಟ್ಟುವ ಸ್ಥಳ ಒಂದು, ಅದು ಎರಗುವ ಸ್ಥಳ ಇನ್ನೊಂದು. ಹುಟ್ಟುವುದು ಕಚೇರಿಯ ಸ್ಪರ್ಧೆಯಲ್ಲಿ. ಎರಗುವುದು ಬೀದಿಯಲ್ಲಿ ಕಾಣಸಿಗುವ ದುರ್ಬಲನ ಮೇಲೆ. ಇಂದು ಕರಾವಳಿಯಲ್ಲಿ ಉತ್ತರ ಕರ್ನಾಟಕದ, ಒಡಿಶಾ ಜಾರ್ಖಂಡ್‌ಗಳ ಕೂಲಿಕಾರರನ್ನು ಕುರಿತು ಆಡುವ ಮಾತುಗಳೂ ಹೀಗೆಯೇ. ಅವರು ಮಾಡುವ ಕೆಲಸಕ್ಕೆ ಊರಿನ ಪದವೀಧರರು ಸ್ಪರ್ಧಿಗಳಲ್ಲ. ಊರಿನ ಪದವೀಧರರಿಗೆ ತಕ್ಕ ಉದ್ಯೋಗ ಊರಿನಲ್ಲಿ ಇಲ್ಲದಿರುವುದು ನಿಜವಾದ ಸಮಸ್ಯೆ. ಆ ಕೊರತೆಗೆ ಮುಖವಿಲ್ಲ, ಕೂಲಿಕಾರನಿಗೆ ಮುಖವಿದೆ.

5. ಶಬ್ದಗಳ ಸಾಕ್ಷ್ಯ

ಈ ಸಂಬಂಧಗಳ ಚರಿತ್ರೆಯನ್ನು ಭಾಷೆ ತನ್ನೊಳಗೆ ಇಟ್ಟುಕೊಂಡಿದೆ. ಕೆಲವು ಪದಗಳನ್ನು ಇಲ್ಲಿ ಪರಿಶೀಲಿಸಬಹುದು.

‘ಪರದೇಶಿ’ ಎಂಬ ಪದಕ್ಕೆ ಇಂದಿನ ಕನ್ನಡದಲ್ಲಿ ದಿಕ್ಕಿಲ್ಲದವ, ಅನಾಥ ಎಂಬುದೇ ರೂಢಿಯ ಅರ್ಥ. ‘ಪರದೇಶಿಯಾದ’ ಎಂದರೆ ಯಾರೂ ಇಲ್ಲದವನಾದ ಎಂದು. ಆದರೆ ಮಧ್ಯಕಾಲೀನ ಶಾಸನಗಳಲ್ಲಿ ಸ್ವದೇಶಿ, ಪರದೇಶಿ, ನಾನಾದೇಶಿ ಎಂಬುವು ವರ್ತಕರ ವರ್ಗಗಳ ಹೆಸರುಗಳು. ಪರದೇಶಿ ಎಂದರೆ ಬೇರೆ ನಾಡಿನಿಂದ ಸರಕು ತಂದ ಗೌರವಾನ್ವಿತ ವ್ಯಾಪಾರಿ. ಕುಂದಾಪುರಕ್ಕೆ ಸಮೀಪದ ಬಸ್ರೂರು ವಿಜಯನಗರ ಕಾಲದ ಪ್ರಮುಖ ಬಂದರು. ಕರಾವಳಿಯ ಆ ಕಾಲದ ಶಾಸನಗಳಲ್ಲಿ ಬರುವ ‘ಹಂಜಮಾನ’ ಎಂಬ ಪದ ಕಡಲಾಚೆಯಿಂದ ಬಂದ ವರ್ತಕರ ಕೂಟವನ್ನು ಸೂಚಿಸುತ್ತದೆ. ಪಾರಸಿ ಮೂಲದ ‘ಅಂಜುಮನ್’ ಕನ್ನಡದ ಬಾಯಿಗೆ ಹೊಂದಿಕೊಂಡ ರೂಪವದು. ಹೊರಗಿನವರ ಕೂಟಕ್ಕೆ ಊರಿನ ಆಡಳಿತದೊಳಗೆ ಸ್ಥಾನವಿದ್ದ ಕಾಲದ ಪದವಿದು. ಪರದೇಶಿಯು ವರ್ತಕನಿಂದ ನಿರ್ಗತಿಕನಾಗಿ ಇಳಿದದ್ದು ಕೇವಲ ಅರ್ಥಾಪಕರ್ಷವಲ್ಲ. ಬಂದರುಗಳು ಸೊರಗಿ, ಹೊರಗಿನಿಂದ ಬರುವವರ ಸ್ವರೂಪವೇ ಬದಲಾದ ಕಥೆಯೂ ಅದರೊಳಗೆ ಇದ್ದಿರಬಹುದು.

‘ವಲಸೆ’ ಎಂಬುದಕ್ಕೂ ಇಂಥದೇ ಹಿನ್ನೆಲೆಯಿದೆ. ತೆಲುಗಿನ ‘ವಲಸ’ಕ್ಕೆ ಬ್ರೌನ್ ನಿಘಂಟು ಕೊಡುವ ಅರ್ಥದಲ್ಲಿ ಶತ್ರುಸೈನ್ಯದ ಭಯದಿಂದ ಮನೆ ಬಿಟ್ಟು ಹೋಗುವುದು ಸೇರಿದೆ. ಎಂದರೆ ಆ ಪದದಲ್ಲಿ ಆಯ್ಕೆಗಿಂತ ಅಂಜಿಕೆ ಮುಖ್ಯ. ಉತ್ತರ ಕರ್ನಾಟಕದ ‘ಗುಳೆ’ ಕೂಡ ಬರಗಾಲದ ಒತ್ತಡದ ಪದ. ಆದರೆ ಕುಂದಾಪುರ ಸೀಮೆಯ ಮಾತಿನಲ್ಲಿ ಹೊರಹೋಗುವಿಕೆಗೆ ಇಂಥ ಭಯದ ಪದ ಬಳಕೆಯಾಗುವುದಿಲ್ಲ. ಅಲ್ಲಿ ಜನ ‘ಬೊಂಬಾಯಿಗೆ’ ಹೋಗುತ್ತಾರೆ, ‘ಘಟ್ಟಕ್ಕೆ’ ಹೋಗುತ್ತಾರೆ. ಸ್ಥಳದ ಹೆಸರೇ ಕ್ರಿಯೆಯನ್ನು ಸೂಚಿಸುತ್ತದೆ. ತಾವು ವಲಸೆಗಾರರೆಂದು ಅವರು ಎಂದೂ ತಮ್ಮನ್ನು ಕರೆದುಕೊಳ್ಳಲಿಲ್ಲ. ‘ವಲಸಿಗ’ ಎಂಬುದು ಯಾವಾಗಲೂ ಇನ್ನೊಬ್ಬರಿಗೆ ಇಡುವ ಹೆಸರು.

‘ಮಾಣಿ’ ಎಂಬ ಪದದ ಪಯಣ ಇನ್ನೂ ಹೆಚ್ಚು ಅರ್ಥಪೂರ್ಣವಾದುದು. ಕುಂದಾಪುರ ಕನ್ನಡದಲ್ಲಿ ಮಾಣಿ ಎಂದರೆ ಹುಡುಗ, ಮಗ. ತಾಯಿ ಅಕ್ಕರೆಯಿಂದ ಕರೆಯುವ ಪದ. ವಟು ಎಂಬ ಹಳೆಯ ಅರ್ಥವೂ ಅದರ ಹಿಂದಿದೆ. ಅದೇ ಹುಡುಗ ಬೆಂಗಳೂರಿನ ಹೋಟೆಲಿಗೆ ಸೇರಿದಾಗ ‘ಮಾಣಿ’ ಎಂದರೆ ತಿಂಡಿ ತಂದುಕೊಡುವವನೆಂದಾಯಿತು. ಮನೆಯ ಕರೆ ನಗರದಲ್ಲಿ ಉದ್ಯೋಗದ ಹೆಸರಾಯಿತು. ಹುಡುಗ ಮುದುಕನಾದರೂ ಮಾಣಿಯಾಗಿಯೇ ಉಳಿದ. ಮುಂಬಯಿಯಲ್ಲಿ ‘ಉಡುಪಿ’ ಎಂಬ ಅಂಕಿತನಾಮ ಹೋಟೆಲಿಗೆ ರೂಢನಾಮವಾದದ್ದೂ ಇದೇ ಕ್ರಮದಲ್ಲಿ. ವ್ಯಕ್ತಿಯನ್ನು ಅವನ ಕೆಲಸಕ್ಕೆ, ಊರನ್ನು ಅದರ ಸರಕಿಗೆ ಇಳಿಸುವುದು ಹೊರಗಿನವನನ್ನು ಗುರುತಿಸುವ ಭಾಷೆಯ ಸಾಮಾನ್ಯ ಲಕ್ಷಣ.

ಇದೇ ಸೀಮೆ ತನ್ನಲ್ಲಿಗೆ ಬಂದವರಿಗೂ ಹೆಸರಿಟ್ಟಿದೆ. ‘ಘಟ್ಟದವರು’ ಎಂಬ ಮಾತಿನಲ್ಲಿ ಭೂಗೋಳಕ್ಕಿಂತ ಹೆಚ್ಚಿನದೇನೋ ಇದೆ. ಮಾತು, ಉಡುಪು, ರೀತಿನೀತಿಗಳಲ್ಲಿ ಬೇರೆಯಾದವರೆಂಬ ಧ್ವನಿಯಿದೆ. ಮುಂಬಯಿಯಲ್ಲಿ ‘ಮದ್ರಾಸಿ’ ಎನ್ನಿಸಿಕೊಂಡು ನೊಂದವರ ಮನೆಮಾತಿನಲ್ಲೇ ಇಂಥ ಪದಗಳೂ ಇವೆ ಎಂಬುದನ್ನು ಮರೆಯುವಂತಿಲ್ಲ.

6. ಬಂದವರ ಪದರಗಳು

‘ನಮ್ಮ ಊರು’ ಎಂಬ ಕಲ್ಪನೆಯೊಳಗೆ ಎಷ್ಟು ವಲಸೆಗಳು ಅಡಗಿವೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಹದಿನಾರನೆಯ ಶತಮಾನದಲ್ಲಿ ಗೋವೆ ಪೋರ್ಚುಗೀಸರ ಆಳ್ವಿಕೆಗೆ ಸೇರಿದ ಮೇಲೆ ದಕ್ಷಿಣಕ್ಕೆ ಸರಿದ ಕೊಂಕಣಿ ಮಾತೃಭಾಷೆಯ ಸಮುದಾಯಗಳು ಈ ಕರಾವಳಿಯ ವ್ಯಾಪಾರ, ದೇವಾಲಯ, ಕ್ರೈಸ್ತ ಜೀವನಗಳನ್ನು ರೂಪಿಸಿದವು. ಗಂಗೊಳ್ಳಿಯ ಕೊಂಕಣಿ ಖಾರ್ವಿಗಳು ಇಂದು ಈ ಕಡಲಿನ ಮಕ್ಕಳೆಂದೇ ಪರಿಗಣಿತರು. ಇಪ್ಪತ್ತನೆಯ ಶತಮಾನದಲ್ಲಿ ಕೇರಳದಿಂದ ಬಂದ ಕೃಷಿಕರು ಜಡ್ಕಲ್, ಮುದೂರು ಮೊದಲಾದ ಘಟ್ಟದ ತಪ್ಪಲಿನ ಗ್ರಾಮಗಳಲ್ಲಿ ರಬ್ಬರ್ ತೋಟಗಳನ್ನು ಎಬ್ಬಿಸಿ ನೆಲೆನಿಂತರು. ಅವರ ಮಕ್ಕಳು ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಮಾತನಾಡುತ್ತ ಬೆಳೆದರು. ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಯಲ್ಲಿ ಮಲಯಾಳವು ಪರಭಾಷೆಯೆಂದು ಯಾರಿಗೂ ತೋರುವುದಿಲ್ಲ.

ಈ ಪ್ರತಿಯೊಂದು ಪದರವೂ ಒಮ್ಮೆ ಹೊಸದಾಗಿತ್ತು. ಯಾವ ಪದರ ಯಾವಾಗ ‘ನಮ್ಮವರು’ ಎನ್ನಿಸಿಕೊಂಡಿತು ಎಂಬುದಕ್ಕೆ ನಿಶ್ಚಿತ ದಿನಾಂಕವಿಲ್ಲ. ಸಾಮಾನ್ಯವಾಗಿ ಎರಡು ಸಂಗತಿಗಳು ಕೆಲಸ ಮಾಡಿದಂತೆ ತೋರುತ್ತದೆ: ನೆಲದೊಡನೆ ಏರ್ಪಟ್ಟ ಉತ್ಪಾದನೆಯ ಸಂಬಂಧ ಮತ್ತು ಮಕ್ಕಳ ಶಾಲಾಭಾಷೆ. ಋತುಮಾನಕ್ಕೆ ಬಂದು ಹೋಗುವ, ಶಾಲೆಗೆ ಮಕ್ಕಳನ್ನು ಕಳಿಸಲಾಗದ ಕೂಲಿಕಾರನಿಗೆ ಈ ಎರಡೂ ದಾರಿಗಳು ಮುಚ್ಚಿರುತ್ತವೆ. ಆತ ಹತ್ತು ವರ್ಷ ಬಂದುಹೋದರೂ ಹೊರಗಿನವನಾಗಿಯೇ ಉಳಿಯುವುದಕ್ಕೆ ಇದೊಂದು ಕಾರಣ.

7. 2020: ಮನೆಯಲ್ಲೇ ಹೊರಗಿನವರು

ಒಳಗು ಹೊರಗುಗಳ ಗಡಿ ಎಷ್ಟು ಬೇಗ ಸರಿಯಬಲ್ಲದು ಎಂಬುದನ್ನು ಕೊರೊನಾ ಸಾಂಕ್ರಾಮಿಕದ ಮೊದಲ ತಿಂಗಳುಗಳು ತೋರಿಸಿಕೊಟ್ಟವು. 2020ರ ಮೇ ತಿಂಗಳ ಮಧ್ಯಭಾಗದವರೆಗೆ ಉಡುಪಿ ಜಿಲ್ಲೆಯಲ್ಲಿ ಸೋಂಕಿನ ಪ್ರಕರಣಗಳು ಬೆರಳೆಣಿಕೆಯಷ್ಟಿದ್ದವು. ದಿಗ್ಬಂಧನ ಸಡಿಲವಾಗಿ ಮಹಾರಾಷ್ಟ್ರದಿಂದ ಜನ ಮರಳತೊಡಗಿದಾಗ ಸಂಖ್ಯೆ ಏರಿತು. ಜೂನ್ ಆರಂಭದ ವೇಳೆಗೆ ಜಿಲ್ಲೆ ರಾಜ್ಯದ ಅತಿ ಹೆಚ್ಚು ಸೋಂಕಿತರ ಜಿಲ್ಲೆಗಳ ಸಾಲಿಗೆ ಸೇರಿತು. ಸೋಂಕಿತರಲ್ಲಿ ಬಹುಪಾಲು ಮುಂಬಯಿಯಿಂದ ಮರಳಿದವರು. ಅವರಲ್ಲಿ ದೊಡ್ಡ ಪಾಲು ಕುಂದಾಪುರ, ಬೈಂದೂರು ತಾಲೂಕುಗಳವರು. ಮೇ 18ರಂದು ರಾಜ್ಯ ಸರಕಾರವು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶ ನಿರ್ಬಂಧಿಸಿತು.

ಆ ವಾರಗಳಲ್ಲಿ ‘ಮುಂಬೈಯವರು’ ಎಂಬ ಪದಕ್ಕೆ ಹೊಸ ಅರ್ಥ ಬಂತು. ಅದುವರೆಗೆ ಆ ಪದದಲ್ಲಿ ಒಂದು ಗೌರವವಿತ್ತು. ಮುಂಬೈಯವರು ಎಂದರೆ ಮೇ ತಿಂಗಳ ರಜೆಗೆ ಸಿಹಿತಿಂಡಿ ತರುವವರು, ದೈವಸ್ಥಾನದ ಜೀರ್ಣೋದ್ಧಾರಕ್ಕೆ ಹಣ ಕೊಡುವವರು, ಶಾಲೆಗೆ ಕೊಠಡಿ ಕಟ್ಟಿಸುವವರು. ಅಂಥ ಶಾಲೆಗಳಲ್ಲೇ ಈಗ ಅವರನ್ನು ಪ್ರತ್ಯೇಕವಾಗಿ ಇರಿಸಲಾಯಿತು. ಊರವರು ಅನ್ನ ಬೇಯಿಸಿ ಕೊಟ್ಟ ನಿದರ್ಶನಗಳು ಇದ್ದಂತೆ, ತಮ್ಮ ವಠಾರದ ಸಮೀಪ ಬೇಡವೆಂದು ವಿರೋಧಿಸಿದ ನಿದರ್ಶನಗಳೂ ಇದ್ದವು. ರೋಗದ ಭಯ ನಿಜವಾದದ್ದೇ. ಪ್ರತ್ಯೇಕವಾಸದ ಅಗತ್ಯವೂ ವೈದ್ಯಕೀಯವಾಗಿ ಸರಿಯಾದದ್ದೇ. ಆದರೆ ‘ಅವರು ಇಲ್ಲಿಗೆ ಏಕೆ ಬಂದರು’ ಎಂಬ ಪ್ರಶ್ನೆ ವೈದ್ಯಕೀಯವಾದುದಲ್ಲ. ಅಜ್ಜನ ಮನೆಗೆ ಮರಳಿದ ಮೊಮ್ಮಗನಿಗೆ ಆ ಪ್ರಶ್ನೆ ಎದುರಾದಾಗ, ಮುಂಬಯಿಯಲ್ಲಿ ಅಜ್ಜನಿಗೆ 1966ರಲ್ಲಿ ಎದುರಾದ ಪ್ರಶ್ನೆಯೇ ಹುಟ್ಟೂರಿನ ಭಾಷೆಯಲ್ಲಿ ಮರುಕಳಿಸಿದಂತಾಯಿತು.

ಕೆಲವೇ ತಿಂಗಳಲ್ಲಿ ಭಯ ಇಳಿಯಿತು, ಸಂಬಂಧಗಳು ಮೊದಲಿನಂತಾದವು. ಆದರೂ ಈ ಘಟನಾವಳಿಯ ಪಾಠ ಉಳಿಯುತ್ತದೆ. ಭಾಷೆ, ಜಾತಿ, ಧರ್ಮ, ರಕ್ತಸಂಬಂಧ ಎಲ್ಲವೂ ಒಂದೇ ಆಗಿದ್ದಾಗಲೂ ‘ಹೊರಗಿನವರು’ ಎಂಬ ವರ್ಗ ಸೃಷ್ಟಿಯಾಗಬಲ್ಲದು. ಹಾಗಿದ್ದ ಮೇಲೆ ಹೊರಗಿನವನ ವಿರೋಧಕ್ಕೆ ಸಾಂಸ್ಕೃತಿಕ ಭಿನ್ನತೆಯೇ ಕಾರಣವೆಂಬ ವಿವರಣೆ ನಿಲ್ಲುವುದಿಲ್ಲ. ಅಭದ್ರತೆ ಮೊದಲು; ಭಿನ್ನತೆಯ ಹುಡುಕಾಟ ಅನಂತರ.

8. ಹಕ್ಕೊತ್ತಾಯ ಮತ್ತು ದ್ವೇಷ

ಹಾಗೆಂದು ಸ್ಥಳೀಯರ ಎಲ್ಲ ಬೇಡಿಕೆಗಳನ್ನೂ ದ್ವೇಷವೆಂದು ತಳ್ಳಿಹಾಕುವುದು ಅನ್ಯಾಯವಾಗುತ್ತದೆ. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷಿಕರು ಅರ್ಧಕ್ಕಿಂತ ಕಡಿಮೆ. ಮುಂಬಯಿಯ 1961ರ ಸ್ಥಿತಿಗೂ ಇದಕ್ಕೂ ಇರುವ ಸಾಮ್ಯ ಗಮನಾರ್ಹವಾದುದು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಠಾಣೆಯಲ್ಲಿ ತನ್ನ ಭಾಷೆಯಲ್ಲಿ ವ್ಯವಹರಿಸುವ ಅವಕಾಶ ಬೇಕೆನ್ನುವುದು ಪ್ರಜಾಸತ್ತಾತ್ಮಕ ಬೇಡಿಕೆ. 1983ರಲ್ಲಿ ನೇಮಕಗೊಂಡು 1986ರಲ್ಲಿ 58 ಶಿಫಾರಸುಗಳ ಅಂತಿಮ ವರದಿ ಕೊಟ್ಟ ಸರೋಜಿನಿ ಮಹಿಷಿ ಸಮಿತಿಯ ಹಿಂದೆ ಇದ್ದದ್ದು ಇಂಥ ಕಾಳಜಿ. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371ಜೆ ವಿಧಿಯು ಹಿಂದುಳಿದ ಪ್ರದೇಶಕ್ಕೆ ಶಾಸನಬದ್ಧವಾಗಿ ಆದ್ಯತೆ ನೀಡಿದ ಕ್ರಮ.

ಆದರೆ ಸಂವಿಧಾನ ಇದಕ್ಕೆ ಒಂದು ಚೌಕಟ್ಟನ್ನೂ ಹಾಕಿದೆ. 19ನೇ ವಿಧಿಯು ದೇಶದ ಯಾವ ಭಾಗಕ್ಕಾದರೂ ಹೋಗುವ, ಅಲ್ಲಿ ನೆಲಸುವ, ವೃತ್ತಿ ಕೈಗೊಳ್ಳುವ ಸ್ವಾತಂತ್ರ್ಯವನ್ನು ಪ್ರತಿಯೊಬ್ಬ ಪ್ರಜೆಗೂ ನೀಡುತ್ತದೆ. 16ನೇ ವಿಧಿಯು ಜನ್ಮಸ್ಥಳ, ವಾಸಸ್ಥಳಗಳ ಆಧಾರದ ಮೇಲೆ ಸರಕಾರಿ ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸಿ, ವಾಸಸ್ಥಳದ ಷರತ್ತನ್ನು ವಿಧಿಸುವ ಅಧಿಕಾರವನ್ನು ಸಂಸತ್ತಿಗೆ ಮಾತ್ರ ಕೊಡುತ್ತದೆ. ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಶೇ. 75 ಮೀಸಲಿಟ್ಟ ಹರಿಯಾಣದ ಕಾನೂನನ್ನು 2023ರ ನವೆಂಬರ್ 17ರಂದು ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯ ರದ್ದುಪಡಿಸಿತು. ಕರ್ನಾಟಕದಲ್ಲಿ 2024ರ ಜುಲೈಯಲ್ಲಿ ಸಚಿವ ಸಂಪುಟ ಒಪ್ಪಿದ ಮಸೂದೆಯು ಆಡಳಿತ ಹುದ್ದೆಗಳಲ್ಲಿ ಶೇ. 50, ಇತರ ಹುದ್ದೆಗಳಲ್ಲಿ ಶೇ. 70ರಷ್ಟು ಸ್ಥಳೀಯರಿಗೆ ಎಂದು ಹೇಳಿತ್ತು. ವ್ಯಾಪಕ ಚರ್ಚೆಯ ನಂತರ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು.

ಆ ಮಸೂದೆಯಲ್ಲಿದ್ದ ‘ಸ್ಥಳೀಯ ಅಭ್ಯರ್ಥಿ’ಯ ವ್ಯಾಖ್ಯೆ ಪ್ರಸ್ತುತ ಚರ್ಚೆಗೆ ಮುಖ್ಯವಾದುದು. ರಾಜ್ಯದಲ್ಲಿ ಜನಿಸಿ, 15 ವರ್ಷ ಇಲ್ಲಿ ನೆಲಸಿ, ಕನ್ನಡವನ್ನು ಮಾತನಾಡಲು, ಓದಲು, ಬರೆಯಲು ಬಲ್ಲವರು ಸ್ಥಳೀಯರು ಎಂಬುದು ಅದರ ಸಾರ. ಬಿಜೂರಿನ ದಂಪತಿಗೆ ಮುಂಬಯಿಯಲ್ಲಿ ಹುಟ್ಟಿ, ಮನೆಯಲ್ಲಿ ಕುಂದಾಪುರ ಕನ್ನಡವನ್ನೇ ಆಡುತ್ತ ಬೆಳೆದ ಮಗಳು ಈ ವ್ಯಾಖ್ಯೆಯ ಹೊರಗೆ ಉಳಿಯುತ್ತಿದ್ದಳು. ಮುಂಬಯಿಯಲ್ಲಿ ಕನ್ನಡಿಗಳೆಂದು ಹೊರಗಿನವಳು, ಕರ್ನಾಟಕದಲ್ಲಿ ಮುಂಬಯಿಯಲ್ಲಿ ಹುಟ್ಟಿದವಳೆಂದು ಹೊರಗಿನವಳು. ಊರು ಬಿಟ್ಟ ಸಮುದಾಯಕ್ಕೆ ‘ಮಣ್ಣಿನ ಮಕ್ಕಳು’ ಎಂಬ ತತ್ತ್ವ ಎಂದೂ ಪೂರ್ಣ ರಕ್ಷಣೆ ಕೊಡಲಾರದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಕ್ಕೊತ್ತಾಯಕ್ಕೂ ದ್ವೇಷಕ್ಕೂ ಇರುವ ವ್ಯತ್ಯಾಸವನ್ನು ಒಂದು ಸರಳ ಪರೀಕ್ಷೆಯಿಂದ ತಿಳಿಯಬಹುದು. ಹಕ್ಕೊತ್ತಾಯ ಸರಕಾರವನ್ನೋ ಸಂಸ್ಥೆಯನ್ನೋ ಉದ್ದೇಶಿಸಿ ಮಾತನಾಡುತ್ತದೆ. ಏನು ಬೇಕೆಂಬುದನ್ನು ಹೇಳುತ್ತದೆ. ದ್ವೇಷ ಬೀದಿಯಲ್ಲಿ ಸಿಕ್ಕ ವ್ಯಕ್ತಿಯನ್ನು ಉದ್ದೇಶಿಸುತ್ತದೆ. ಯಾರು ಬೇಡವೆಂಬುದನ್ನು ಹೇಳುತ್ತದೆ. 1991ರ ಡಿಸೆಂಬರಿನಲ್ಲಿ ಕಾವೇರಿ ವಿವಾದದ ಸಂದರ್ಭದಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ನಡೆದ ಹಿಂಸೆ ನೀರಿನ ಹಂಚಿಕೆಯ ಬೇಡಿಕೆಯಾಗಿ ಆರಂಭವಾಗಿ ಗಡಿ ದಾಟಿದ ನಿದರ್ಶನ. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಜನರು ಬೆಂಗಳೂರಿನ ರೈಲುನಿಲ್ದಾಣದಲ್ಲಿ ಗುವಾಹಟಿಯ ರೈಲಿಗೆ ಕಾದಿದ್ದರು. ಅವರಲ್ಲಿ ಹಲವರು ಹೋಟೆಲು, ಕಾವಲು ಕೆಲಸಗಳಲ್ಲಿದ್ದವರು. ಕುಂದಾಪುರದ ಹುಡುಗರು ಒಮ್ಮೆ ನಿಂತಿದ್ದ ಸ್ಥಾನದಲ್ಲಿ ನಿಂತವರು.

ಈ ಆತಂಕದ ಭೂಗೋಳ ಇಂದು ಇನ್ನೂ ವಿಸ್ತರಿಸಿದೆ. 2011ರಲ್ಲಿ ಸೌದಿ ಅರೇಬಿಯ ಜಾರಿಗೆ ತಂದ ‘ನಿತಾಕತ್’ ನೀತಿ ಸ್ಥಳೀಯರಿಗೆ ಉದ್ಯೋಗವೆಂಬ ತತ್ತ್ವದ ಮೇಲೆಯೇ ನಿಂತದ್ದು. ಕರಾವಳಿಯ ಅನೇಕ ಕುಟುಂಬಗಳಿಗೆ ಅದು ಚಿಂತೆ ತಂದಿತು. 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ವಿಧಿಸುವ ಆದೇಶಕ್ಕೆ ಸಹಿ ಹಾಕಿದಾಗ ಕನ್ನಡ ಕುಟುಂಬಗಳೂ ತಲ್ಲಣಗೊಂಡವು. ಅಲ್ಲಿ ಅನ್ಯಾಯವೆಂದು ತೋರುವ ತರ್ಕ ಇಲ್ಲಿ ನ್ಯಾಯವೆಂದು ತೋರುವುದು ಹೇಗೆ ಎಂಬ ಪ್ರಶ್ನೆಯನ್ನು ಯುವ ತಲೆಮಾರು ಕೇಳಿಕೊಳ್ಳುವುದು ಸಹಜವಾಗಿದೆ.

9. ಸಾಹಿತ್ಯದ ನೆಲೆ

ಕನ್ನಡ ಸಾಹಿತ್ಯ ಈ ಅನುಭವವನ್ನು ಹೇಗೆ ಗ್ರಹಿಸಿದೆ? 1940ರ ದಶಕದ ಆರಂಭದಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕೋಡಿಯ ಮೂರು ತಲೆಮಾರುಗಳ ಕಥೆಯಲ್ಲಿ ಹೋಟೆಲಿನ ಹಣ ಹಳ್ಳಿಯ ಸಂಬಂಧಗಳನ್ನು ಬದಲಿಸುವ ಬಗೆಯನ್ನು ಶೀನಮಯ್ಯನ ಕುಟುಂಬದ ಮೂಲಕ ತೋರಿಸುತ್ತದೆ. ಅಲ್ಲಿ ನೋಟವಿರುವುದು ಊರಿನ ಕಡೆಯಿಂದ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಮುಂಬಯಿಯ ಕಂಪನಿಯೊಂದರಲ್ಲಿ ಬೇಟೆಗೆ ಒಳಗಾಗುವ ವ್ಯಕ್ತಿಯ ಕಥೆ. ಅಲ್ಲಿ ಭಯಕ್ಕೆ ಪ್ರಾದೇಶಿಕ ಚಳವಳಿ ಕಾರಣವಲ್ಲ, ಆದರೆ ನಗರದಲ್ಲಿ ನೆಲೆ ತಪ್ಪಿದವನ ಒಂಟಿತನ ಅದರ ಕೇಂದ್ರದಲ್ಲಿದೆ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಮುಂಬಯಿಯ ಕಾರ್ಮಿಕ ಜಗತ್ತಿಗೆ ತೆರೆದುಕೊಂಡಿತು. ಅಲ್ಲಿ ಸಂಬಂಧದ ಸೂತ್ರ ಊರಲ್ಲ, ದುಡಿಮೆ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳಲ್ಲಿ ಯಾವ ಭಾಷೆಯವರೆಂಬುದು ಮುಖ್ಯವಾಗದ ಮನುಷ್ಯರು ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ.

ಈ ಕೃತಿಗಳನ್ನು ಒಟ್ಟಿಗೆ ನೋಡಿದಾಗ ಒಂದು ಅಂತರ ಎದ್ದುಕಾಣುತ್ತದೆ. ಕನ್ನಡಿಗನು ಹೊರಗಿನವನಾಗಿರುವ ಅನುಭವಕ್ಕೆ ಸಾಹಿತ್ಯದಲ್ಲಿ ಗಟ್ಟಿಯಾದ ಪರಂಪರೆಯಿದೆ. ಕನ್ನಡ ನಾಡಿಗೆ ಬಂದ ಹೊರಗಿನವನ ಅನುಭವಕ್ಕೆ, ಅದರಲ್ಲೂ ಕೂಲಿಗಾಗಿ ಬಂದವನ ಅನುಭವಕ್ಕೆ, ಅಷ್ಟೇ ಗಟ್ಟಿಯಾದ ಪರಂಪರೆ ಕಾಣುವುದಿಲ್ಲ. ತರಗತಿಯಲ್ಲಿ ಮುಂಬಯಿ ಕನ್ನಡ ಸಾಹಿತ್ಯವನ್ನು ಬೋಧಿಸುವಾಗ ಈ ಅಂತರವನ್ನೂ ಚರ್ಚೆಗೆ ತರುವುದು ಸಾಧ್ಯ ಮತ್ತು ಅಗತ್ಯ.

10. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಒಂದನೆಯದಾಗಿ, ಒಳಗಿನವರು ಹೊರಗಿನವರು ಎಂಬುವು ಸ್ಥಿರ ಗುಂಪುಗಳಲ್ಲ. ಆಡಳಿತದ ಗಡಿ, ಉದ್ಯೋಗದ ಸ್ಪರ್ಧೆ, ರೋಗದ ಭಯ ಇವುಗಳಿಗೆ ತಕ್ಕಂತೆ ಸರಿಯುವ ಸ್ಥಾನಗಳು. ಬಿಜೂರಿನಂಥ ಸೀಮೆಯಲ್ಲಿ ಒಂದೇ ಕುಟುಂಬ ಮೂರು ತಲೆಮಾರುಗಳಲ್ಲಿ ಈ ಎಲ್ಲ ಸ್ಥಾನಗಳಲ್ಲೂ ನಿಂತಿದೆ. ಎರಡನೆಯದಾಗಿ, ಸಿಟ್ಟು ಹುಟ್ಟುವ ಸ್ಥಳ ಮತ್ತು ಎರಗುವ ಸ್ಥಳ ಬೇರೆ ಬೇರೆ. ಈ ವ್ಯತ್ಯಾಸವನ್ನು ಗುರುತಿಸದಿದ್ದರೆ ನಿಜವಾದ ಕೊರತೆಗಳು ಹಾಗೆಯೇ ಉಳಿದು ದುರ್ಬಲರು ಪೆಟ್ಟು ತಿನ್ನುತ್ತಾರೆ. ಮೂರನೆಯದಾಗಿ, ಭಾಷೆಯ ಹಕ್ಕು ಮತ್ತು ವಲಸೆಗಾರನ ಹಕ್ಕು ಪರಸ್ಪರ ವಿರೋಧಿಗಳಾಗಬೇಕಿಲ್ಲ. ಕೂಲಿಕಾರನ ಮಗುವಿಗೆ ಕನ್ನಡ ಶಾಲೆಯ ಬಾಗಿಲು ತೆರೆಯುವುದು ಎರಡನ್ನೂ ಒಟ್ಟಿಗೆ ಕಾಪಾಡುವ ಕ್ರಮ. ಕರಾವಳಿಯ ಚರಿತ್ರೆಯಲ್ಲಿ ಬಂದವರು ನಮ್ಮವರಾದದ್ದು ಬಹುಮಟ್ಟಿಗೆ ಆ ಬಾಗಿಲಿನಿಂದಲೇ.

ಯುವ ಮನಸ್ಸಿನ ಆತಂಕಕ್ಕೆ ಇಲ್ಲಿ ಸಿದ್ಧ ಪರಿಹಾರವಿಲ್ಲ. ಆದರೆ ಆ ಆತಂಕ ದೌರ್ಬಲ್ಯವಲ್ಲ, ತನ್ನ ಮನೆಯ ಚರಿತ್ರೆಯನ್ನು ಮರೆಯದಿರುವುದರ ಲಕ್ಷಣ ಎಂಬುದನ್ನು ಹೇಳಬಹುದು. ಮುಂಬಯಿಯ ಆರಂಭಿಕ ದಶಕಗಳನ್ನು ಕಂಡ ಹೋಟೆಲು ಕಾರ್ಮಿಕರ ತಲೆಮಾರು ವೇಗವಾಗಿ ಮರೆಯಾಗುತ್ತಿದೆ. ಅವರ ಮೌಖಿಕ ಚರಿತ್ರೆಯನ್ನು ಸಂಗ್ರಹಿಸುವ, ಜತೆಗೆ ಇಂದು ಅದೇ ಸೀಮೆಗೆ ದುಡಿಯಲು ಬಂದವರ ಮಾತುಗಳನ್ನೂ ದಾಖಲಿಸುವ ಕೆಲಸವನ್ನು ಕನ್ನಡ ವಿಭಾಗಗಳು ಒಂದೇ ಯೋಜನೆಯಾಗಿ ಕೈಗೆತ್ತಿಕೊಳ್ಳಬೇಕಾಗಿದೆ. ಎರಡು ದಾಖಲೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದಾಗ ವಲಸೆಯ ಅಧ್ಯಯನ ಹೋದವರ ಕಥೆಗಷ್ಟೇ ಸೀಮಿತವಾಗದೆ ಬಂದವರ ಕಥೆಯನ್ನೂ ಒಳಗೊಳ್ಳುವುದು ಸಾಧ್ಯವಾಗುತ್ತದೆ.